ಸೂಪರ್‌ಹೀರೋ ಚಿತ್ರಗಳಲ್ಲಿ ಕಥೆಗಾರನ ಸಾಹಸ

ಸೂಪರ್‌ಹೀರೋ ಚಿತ್ರಗಳ ವಿಷಯದಲ್ಲಿ 'ಸಾಹಸ'ವೆಂಬ ಮಾತು ಎರಡು ಅರ್ಥಗಳಲ್ಲಿ ಸಲ್ಲುತ್ತದೆ. ತೆರೆಯ ಮೇಲೆ ನಾಯಕನು ಮೆರೆಯುವ ಸಾಹಸ ಒಂದು: ಅವನು ಆಕಾಶಕ್ಕೆ ಹಾರುತ್ತಾನೆ, ಉರುಳುವ ಸೇತುವೆಯನ್ನು ಭುಜಕೊಟ್ಟು ನಿಲ್ಲಿಸುತ್ತಾನೆ, ಬೆಂಕಿಯ ನಡುವಿನಿಂದ ಮಗುವನ್ನು ಎತ್ತಿ ತರುತ್ತಾನೆ. ತೆರೆಯ ಹಿಂದೆ ಕಥೆಗಾರನು ಕೈಕೊಳ್ಳಬೇಕಾದ ಸಾಹಸ ಇನ್ನೊಂದು. ಮೊದಲನೆಯದಕ್ಕೆ ಈ ಚಿತ್ರಗಳಲ್ಲಿ ಎಂದೂ ಬರಗಾಲ ಬಂದುದಿಲ್ಲ. ಎರಡನೆಯದು ವಿರಳ, ಅದು ಬಂದಾಗಲೂ ಬಹುಕಾಲ ಉಳಿಯುವಂತೆ ಅದನ್ನು ಬಿಟ್ಟುದು ಇನ್ನೂ ವಿರಳ.

ಕಥೆಗಾರನ ಸಾಹಸವೆಂದರೇನು? ಹೊಸ ವೇಷ, ಹೊಸ ನಟ, ಒರಟು ಹಾಸ್ಯ, ಹೆಚ್ಚಿನ ರಕ್ತಪಾತ ಇವುಗಳನ್ನೆಲ್ಲ ಸಾಹಸವೆಂದು ಕೊಂಡಾಡುವ ವಾಡಿಕೆ ಬೆಳೆದಿದೆ. ಇವು ರುಚಿಯ ಬದಲಾವಣೆಗಳು; ಇವುಗಳಿಂದ ಕಥೆಗೆ ಕಷ್ಟವಿಲ್ಲ, ನಷ್ಟವೂ ಇಲ್ಲ. ಕಥೆಯಲ್ಲಿ ಒಂದು ಸಂಗತಿ ನಡೆದ ಮೇಲೆ ಅದು ನಡೆದೇ ಹೋಯಿತೆಂದು ಒಪ್ಪಿಕೊಳ್ಳುವುದು, ಅದರ ಫಲವನ್ನು ಪಾತ್ರಗಳೂ ಪ್ರೇಕ್ಷಕರೂ ಉಣ್ಣಲೆಂದು ಬಿಡುವುದು, ಹಿಂದಿರುಗುವ ಬಾಗಿಲನ್ನು ತಾನೇ ಮುಚ್ಚುವುದು, ಇದೇ ಕಥೆಗಾರನ ಸಾಹಸ. ಬೇರೆ ಬಗೆಯ ಕಥೆಗಳಲ್ಲಿ ಇದು ಸಹಜ ಧರ್ಮ. ಯಾರೂ ಅದನ್ನು ಸಾಹಸವೆನ್ನುವುದಿಲ್ಲ. ಸೂಪರ್‌ಹೀರೋ ಕಥೆಯಲ್ಲಿ ಮಾತ್ರ ಅದು ಸಾಹಸವಾಗಿ ಪರಿಣಮಿಸಿದುದಕ್ಕೆ ಈ ಪ್ರಕಾರದ ಹುಟ್ಟಿನಲ್ಲಿಯೇ ಕಾರಣವಿದೆ.

1938ರಲ್ಲಿ 'ಆ್ಯಕ್ಷನ್ ಕಾಮಿಕ್ಸ್' ಎಂಬ ಚಿತ್ರಕಥಾಪತ್ರಿಕೆಯ ಮೊದಲನೆಯ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡನು. ಅವನನ್ನು ಸೃಷ್ಟಿಸಿದ ಜೆರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ತರುಣರೂ ವಲಸೆ ಬಂದ ಯಹೂದಿ ಮನೆಗಳ ಮಕ್ಕಳು, ಕ್ಲೀವ್‌ಲೆಂಡಿನಲ್ಲಿ ಗೆಳೆಯರಾದವರು. ತಾಯ್ನೆಲ ನಾಶವಾಗಿ ಪರನಾಡಿನಲ್ಲಿ ಬೇರೆ ಹೆಸರಿನಿಂದ ಬದುಕುವ ನಾಯಕನನ್ನು ಇಂಥವರು ಕಲ್ಪಿಸಿದುದು ಆಶ್ಚರ್ಯವಲ್ಲ. ಆ ಪಾತ್ರದ ಹಕ್ಕನ್ನು ಅವರು 130 ಡಾಲರಿಗೆ ಪ್ರಕಾಶಕರಿಗೆ ಮಾರಿಬಿಟ್ಟರು. ಅಂದಿನಿಂದ ಸೂಪರ್‌ಮ್ಯಾನ್ ಕಥೆಯ ನಾಯಕನಾಗಿರುವುದರ ಜೊತೆಗೆ ಒಂದು ಆಸ್ತಿಯೂ ಆದನು. ಆಸ್ತಿ ಸವೆಯಬಾರದು, ಬರುವ ತಿಂಗಳೂ ಸಂಚಿಕೆ ಹೊರಬೀಳಬೇಕು. ಆದುದರಿಂದ ನಾಯಕನಿಗೆ ಮುಪ್ಪಿಲ್ಲ, ಮದುವೆಯಿಲ್ಲ, ಮರಣವಿಲ್ಲ.

ಇಟಲಿಯ ವಿದ್ವಾಂಸ ಉಂಬರ್ತೊ ಎಕೊ 1962ರಲ್ಲಿ ಸೂಪರ್‌ಮ್ಯಾನನ ಪುರಾಣವನ್ನು ಕುರಿತು ಬರೆದ ಪ್ರಬಂಧದಲ್ಲಿ ಇದನ್ನು ಬಹು ಸೂಕ್ಷ್ಮವಾಗಿ ವಿವೇಚಿಸಿದನು. ಪುರಾಣದ ವೀರನ ಕಥೆ ಆಗಲೇ ಮುಗಿದುದು. ಕೇಳುವವರಿಗೆ ಅದರ ಕೊನೆ ಗೊತ್ತು. ಕಾದಂಬರಿಯ ನಾಯಕನ ಕಥೆ ಈಗ ನಡೆಯುತ್ತಿರುವುದು. ಅವನು ಮಾಡಿದ ಪ್ರತಿಯೊಂದು ಕಾರ್ಯವೂ ಅವನ ಆಯುಷ್ಯದ ಒಂದಂಶವನ್ನು ವ್ಯಯಮಾಡುತ್ತದೆ. ಸೂಪರ್‌ಮ್ಯಾನ್ ಇವೆರಡೂ ಆಗಬೇಕು: ಪುರಾಣಪುರುಷನಂತೆ ಬದಲಾಗದವನು, ಕಾದಂಬರಿಯ ನಾಯಕನಂತೆ ದಿನಕ್ಕೊಂದು ಹೊಸ ಘಟನೆಗೆ ಸಿಲುಕುವವನು. ಈ ವಿರೋಧವನ್ನು ಮರೆಮಾಡಲು ಆ ಕಥೆಗಳು ಕಾಲವನ್ನೇ ಮಸುಕುಗೊಳಿಸಿದವೆಂದು ಎಕೊನ ವಾದ. ಹಿಂದಿನ ಸಂಚಿಕೆಯಲ್ಲಿ ನಡೆದುದು ಈ ಸಂಚಿಕೆಗೆ ಮುಂಚೆ ನಡೆಯಿತೆ, ನಡೆದೇ ಇಲ್ಲವೆ ಎಂಬುದು ಕನಸಿನಲ್ಲಿಯಂತೆ ಅಸ್ಪಷ್ಟ. ಎಕೊ ಬರೆದುದು ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಅಗ್ಗದ ಚಿತ್ರಪುಸ್ತಕಗಳನ್ನು ಕುರಿತು. ಆದರೆ ಮುಂದೆ ಬಂದ ಚಲಚ್ಚಿತ್ರಗಳಿಗೂ ಆ ಮಾತು ಅಕ್ಷರಶಃ ಅನ್ವಯಿಸುತ್ತದೆ.

1978ರಲ್ಲಿ ರಿಚರ್ಡ್ ಡಾನರ್ ನಿರ್ದೇಶಿಸಿದ 'ಸೂಪರ್‌ಮ್ಯಾನ್' ಈ ಪ್ರಕಾರಕ್ಕೆ ಚಲಚ್ಚಿತ್ರದ ಘನತೆಯನ್ನು ತಂದುಕೊಟ್ಟ ಕೃತಿ. ಅದರ ಮೊದಲರ್ಧದಲ್ಲಿ ಒಂದು ಸನ್ನಿವೇಶವಿದೆ. ಸಾಕುತಂದೆ ಹೃದಯಾಘಾತದಿಂದ ತೀರಿಕೊಳ್ಳುತ್ತಾನೆ. ಇಷ್ಟೆಲ್ಲ ಶಕ್ತಿಯಿದ್ದೂ ತಂದೆಯನ್ನು ಉಳಿಸಿಕೊಳ್ಳಲಾಗಲಿಲ್ಲವೆಂದು ತರುಣನು ಸಮಾಧಿಯ ಬಳಿ ಹಲುಬುತ್ತಾನೆ. ಈ ಒಂದು ಕೊರಗಿನಿಂದ ಆ ಪಾತ್ರಕ್ಕೆ ತೂಕ ಬರುತ್ತದೆ. ಗುಂಡು ನಾಟದ ದೇಹದವನಿಗೂ ದುಃಖವು ನಾಟುತ್ತದೆಂದು ಪ್ರೇಕ್ಷಕನು ತಿಳಿಯುತ್ತಾನೆ.

ಕೊನೆಯ ಭಾಗದಲ್ಲಿ ಈ ಬೀಜಕ್ಕೆ ಫಲ ಬರಬೇಕಾದ ಗಳಿಗೆ ಒದಗುತ್ತದೆ. ಖಳನಾಯಕನು ಎರಡು ಕ್ಷಿಪಣಿಗಳನ್ನು ಎರಡು ದಿಕ್ಕಿಗೆ ಹಾರಿಸಿದ್ದಾನೆ. ಪ್ರಾಣ ಉಳಿಸಿದ ಹೆಂಗಸಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಸೂಪರ್‌ಮ್ಯಾನ್ ಮೊದಲು ಪೂರ್ವ ಕರಾವಳಿಯತ್ತ ಹೋದುದನ್ನು ತಡೆಯುತ್ತಾನೆ. ಇನ್ನೊಂದು ಕ್ಯಾಲಿಫೋರ್ನಿಯದಲ್ಲಿ ಸಿಡಿದು ಭೂಮಿ ಬಿರಿಯುತ್ತದೆ. ಬಿರುಕಿನಲ್ಲಿ ಸಿಕ್ಕಿದ ಕಾರಿನೊಳಗೆ ಮಣ್ಣು ತುಂಬಿ ಲೋಯಿಸ್ ಲೇನ್ ಸಾಯುತ್ತಾಳೆ. ಮಾತು ಉಳಿಸಿಕೊಂಡ ತಪ್ಪಿಗೆ ಪ್ರೀತಿಸಿದವಳನ್ನು ಕಳೆದುಕೊಂಡನು! ಧರ್ಮಸಂಕಟದ ಇಂಥ ಗಳಿಗೆಗಾಗಿ ನಾಟಕಕಾರರು ತಪಸ್ಸು ಮಾಡುತ್ತಾರೆ. ಚಿತ್ರವು ಅಲ್ಲಿಯವರೆಗೆ ನಿಜವಾಗಿ ನಡೆದು ಬಂದಿದೆ. ಅನಂತರ ನಾಯಕನು ಆಕಾಶಕ್ಕೇರಿ, ಮಾನವರ ಇತಿಹಾಸದಲ್ಲಿ ಕೈಯಿಡಬಾರದೆಂಬ ಜನಕನ ನಿಷೇಧವನ್ನು ಮೀರಿ, ಭೂಮಂಡಲವನ್ನು ಸುತ್ತಿ ಸುತ್ತಿ ಕಾಲವನ್ನೇ ಹಿಂದಕ್ಕೆ ತಿರುಗಿಸುತ್ತಾನೆ. ಲೋಯಿಸ್ ಎದ್ದು ಕುಳಿತು ಕಾರು ಕೆಟ್ಟಿತೆಂದು ಗೊಣಗುತ್ತಾಳೆ. ನಿಷೇಧವನ್ನು ಮೀರಿದುದಕ್ಕೆ ದಂಡವಿಲ್ಲ, ಪ್ರಾಯಶ್ಚಿತ್ತವಿಲ್ಲ. ಕಾಲವನ್ನು ತಿರುಗಿಸಬಲ್ಲವನು ತಂದೆಯ ಮರಣಕ್ಕೆ ಏಕೆ ತಿರುಗಿಸಲಿಲ್ಲವೆಂಬ ಪ್ರಶ್ನೆಯನ್ನು ಕೇಳುವಂತೆಯೇ ಇಲ್ಲ.

ಕಾಲವನ್ನು ಹಿಂದಿರುಗಿಸುವ ಈ ಉಪಾಯವನ್ನು ಮೊದಲು ಎರಡನೆಯ ಚಿತ್ರದ ಕೊನೆಗೆಂದು ಯೋಚಿಸಿದ್ದು, ಬಳಿಕ ಮೊದಲನೆಯದಕ್ಕೆ ತಂದರೆಂಬುದು ತಿಳಿದ ಸಂಗತಿ. ಎತ್ತಿ ಎಲ್ಲಿ ಬೇಕಾದರೂ ಇಡಬಹುದಾದ ಉಪಾಯವೆಂಬುದೇ ಅದರ ಗುಣವನ್ನು ಹೇಳುತ್ತದೆ. 1980ರ ಎರಡನೆಯ ಚಿತ್ರದ ಕೊನೆಯಲ್ಲಿ ಒಂದು ಚುಂಬನದಿಂದ ಲೋಯಿಸಳ ನೆನಪನ್ನೇ ಅಳಿಸಲಾಯಿತು. ಒಮ್ಮೆ ಮರಣವನ್ನು ಅಳಿಸಿದವರು ಇನ್ನೊಮ್ಮೆ ಪ್ರೇಮವನ್ನು ಅಳಿಸಿದರು.

ಈ ಉದ್ಯಮದವರು ಅಪಾಯವೆನ್ನುವಾಗ ಅವರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಹಣ. ಮಾರ್ವೆಲ್ ಸಂಸ್ಥೆಯು ಸ್ವಂತ ಚಿತ್ರಗಳನ್ನು ತೆಗೆಯಲು 2005ರಲ್ಲಿ ಮೆರಿಲ್ ಲಿಂಚ್ ಮೂಲಕ 52.5 ಕೋಟಿ ಡಾಲರುಗಳ ಸಾಲದ ಏರ್ಪಾಡು ಮಾಡಿಕೊಂಡಿತು. ಒತ್ತೆಯಾಗಿಟ್ಟುದು ತನ್ನ ಪಾತ್ರಗಳ ಚಿತ್ರಹಕ್ಕುಗಳನ್ನು. ವೀರರನ್ನು ಗಿರವಿಯಿಟ್ಟು ಸಾಲ ತಂದ ಪ್ರಸಂಗ ಕಾವ್ಯದಲ್ಲಿ ಬಂದಿದ್ದರೆ ಹಾಸ್ಯವೆನಿಸುತ್ತಿತ್ತು. ಆ ಸಾಲದಿಂದ ಹುಟ್ಟಿದ 'ಐರನ್ ಮ್ಯಾನ್' (2008) ಗೆದ್ದಿತು. 2009ರಲ್ಲಿ ಡಿಸ್ನಿಯು ಸುಮಾರು 400 ಕೋಟಿ ಡಾಲರಿಗೆ ಮಾರ್ವೆಲ್ಲನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಇದೆಲ್ಲ ವ್ಯಾಪಾರದ ಧೈರ್ಯ. ಕಥೆಯ ಧೈರ್ಯ ಆ ಚಿತ್ರದಲ್ಲಿ ಇರುವುದು ಕೊನೆಯ ಒಂದೇ ವಾಕ್ಯದಲ್ಲಿ. ಪತ್ರಕರ್ತರ ಮುಂದೆ ಸುಳ್ಳು ಓದಬೇಕಾದ ಟೋನಿ ಸ್ಟಾರ್ಕ್, ಕೈಯಲ್ಲಿದ್ದ ಚೀಟಿಯನ್ನು ಬಿಟ್ಟು, ಆ ವೀರನು ತಾನೇ ಎಂದುಬಿಡುತ್ತಾನೆ. ಎಪ್ಪತ್ತು ವರ್ಷಗಳಿಂದ ಈ ಪ್ರಕಾರವು ನೆಚ್ಚಿಕೊಂಡು ಬಂದಿದ್ದ ಗುಪ್ತನಾಮದ ಕಟ್ಟಳೆ ಒಂದು ಉಸಿರಿನಲ್ಲಿ ಮುರಿಯಿತು. ಮುಂದಿನ ಚಿತ್ರಗಳಲ್ಲಿ ಅದನ್ನು ಯಾರೂ ಮತ್ತೆ ಜೋಡಿಸಲಿಲ್ಲವೆಂಬುದು ಗಮನಾರ್ಹ.

ಅದೇ ವರ್ಷ ಬಂದ ಕ್ರಿಸ್ಟೋಫರ್ ನೋಲನ್ನನ 'ದಿ ಡಾರ್ಕ್ ನೈಟ್' ಚಿತ್ರದ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಇಲ್ಲಿ ಒಂದು ಅಂಶ ಸಾಕು. 1978ರ ಚಿತ್ರದಲ್ಲಿ ಇದ್ದ ಅದೇ ಇಕ್ಕಟ್ಟು, ಇಬ್ಬರಲ್ಲಿ ಒಬ್ಬರನ್ನು ಮಾತ್ರ ಉಳಿಸಬಹುದೆಂಬುದು, ಇಲ್ಲಿಯೂ ಬರುತ್ತದೆ. ರೇಚಲ್ ಸಾಯುತ್ತಾಳೆ, ಸತ್ತೇ ಇರುತ್ತಾಳೆ. ಆ ಮರಣದಿಂದ ಹಾರ್ವೆ ಡೆಂಟ್ ಎಂಬ ಸಜ್ಜನ ನ್ಯಾಯವಾದಿ ಕೊಲೆಗಾರನಾಗುತ್ತಾನೆ. ಅವನ ಪತನವನ್ನು ಮುಚ್ಚಲು ನಾಯಕನು ಸುಳ್ಳೊಂದನ್ನು ಹೊರುತ್ತಾನೆ. ಒಂದರಿಂದೊಂದು ಹುಟ್ಟುವ ಈ ಸರಪಳಿಯಲ್ಲಿ ಚಿತ್ರದ ಬಲವಿದೆ. ಎರಡು ಹಡಗುಗಳ ಪ್ರಸಂಗ ಮಾತ್ರ ನೀತಿಪಾಠದ ಲೆಕ್ಕದಂತೆ ಬಂದು ಸರಪಳಿಯಿಂದ ಹೊರಗೆ ನಿಲ್ಲುತ್ತದೆ. 2012ರ ಮುಂದಿನ ಚಿತ್ರವು ಸತ್ತನೆಂದು ಊರೇ ನಂಬಿದ ನಾಯಕನನ್ನು ಫ್ಲಾರೆನ್ಸಿನ ಉಪಾಹಾರಗೃಹವೊಂದರಲ್ಲಿ ಸುಖವಾಗಿ ಕೂಡಿಸಿದುದು, ಕೊಟ್ಟುದನ್ನು ಅರ್ಧ ಹಿಂದಕ್ಕೆ ಪಡೆದಂತೆ.

2018ರ 'ಅವೆಂಜರ್ಸ್: ಇನ್ಫಿನಿಟಿ ವಾರ್' ಚಿತ್ರದ ಕೊನೆಯಲ್ಲಿ ಥಾನೋಸನು ಬೆರಳು ಚಿಟಿಕೆ ಹೊಡೆದು ವಿಶ್ವದ ಜೀವಿಗಳಲ್ಲಿ ಅರ್ಧವನ್ನು ಬೂದಿಯಾಗಿ ತೂರಿಬಿಡುತ್ತಾನೆ. ಚಿತ್ರಮಂದಿರದಲ್ಲಿ ಅತ್ತವರಿದ್ದರು. ಆದರೆ ಬೂದಿಯಾದವರಲ್ಲಿ ಕೆಲವರ ಮುಂದಿನ ಚಿತ್ರಗಳು ಬರಲಿವೆಯೆಂಬುದು ಎಲ್ಲರಿಗೂ ಗೊತ್ತಿತ್ತು. ದುಃಖಕ್ಕೆ ವಾಯಿದೆಯಿದೆಯೆಂದು ತಿಳಿದು ದುಃಖಿಸುವುದು ವಿಚಿತ್ರವಾದ ರಸಾನುಭವ. ಕರುಣದ ಲೇಪ ಮಾತ್ರ ಅದರಲ್ಲಿರುತ್ತದೆ. ಆದರೂ 2019ರ 'ಎಂಡ್‌ಗೇಮ್' ನಿರೀಕ್ಷಿಸಿದುದಕ್ಕಿಂತ ಗಟ್ಟಿಯಾದ ಕೃತಿ. ಹೋದವರನ್ನು ತರಬಹುದೆಂಬ ದಾರಿ ಕಂಡಾಗ ಸ್ಟಾರ್ಕ್ ಒಂದು ಷರತ್ತು ಹಾಕುತ್ತಾನೆ: ನಡುವೆ ಕಳೆದ ಐದು ವರ್ಷಗಳಲ್ಲಿ ತನಗೆ ಮಗಳು ಹುಟ್ಟಿದ್ದಾಳೆ, ಆ ಐದು ವರ್ಷಗಳನ್ನು ಅಳಿಸಕೂಡದು. ಭೂಮಿಯನ್ನು ಹಿಂದಕ್ಕೆ ತಿರುಗಿಸಿದ ಸೂಪರ್‌ಮ್ಯಾನನಿಗೆ ನಲವತ್ತು ವರ್ಷಗಳ ತರುವಾಯ ದೊರೆತ ಉತ್ತರವಿದು. ಕಾಲವನ್ನು ತಿರುಗಿಸಿದರೆ ನಷ್ಟವಷ್ಟೇ ಹೋಗುವುದಿಲ್ಲ, ನಷ್ಟದ ಮೇಲೆ ಚಿಗುರಿದುದೂ ಹೋಗುತ್ತದೆ. ಸ್ಟಾರ್ಕನು ಕೊನೆಗೆ ತನ್ನ ಪ್ರಾಣವನ್ನು ತೆತ್ತು ಅದನ್ನು ಸಾಧಿಸುತ್ತಾನೆ.

ಆದರೆ ಅದೇ ಚಿತ್ರವು ಇನ್ನೊಂದು ಕಿಂಡಿಯನ್ನು ತೆರೆದಿಟ್ಟಿತು. ಹಿಂದಿನ ಚಿತ್ರದ ಮೊದಲ ದೃಶ್ಯದಲ್ಲಿಯೇ ಥಾನೋಸನ ಕೈಯಲ್ಲಿ ಉಸಿರುಕಟ್ಟಿ ಸತ್ತ ಲೋಕಿ, 2012ರಿಂದ ತಪ್ಪಿಸಿಕೊಂಡ ಮತ್ತೊಬ್ಬ ಲೋಕಿಯಾಗಿ 2021ರ ಧಾರಾವಾಹಿಯ ನಾಯಕನಾದನು. ಅಲ್ಲಿಂದ ಮುಂದೆ ಬಹುವಿಶ್ವವೆಂಬ ಕಲ್ಪನೆ ಈ ಉದ್ಯಮಕ್ಕೆ ಕಾಮಧೇನುವಾಯಿತು. ಒಂದು ವಿಶ್ವದಲ್ಲಿ ಸತ್ತವನು ಇನ್ನೊಂದರಲ್ಲಿ ಇದ್ದಾನೆ. ಒಂದರಲ್ಲಿ ತಪ್ಪಿದ ನಿರ್ಣಯ ಇನ್ನೊಂದರಲ್ಲಿ ಸರಿಯಾಗಿದೆ. ಅನಂತ ಸಾಧ್ಯತೆಗಳನ್ನು ಕೊಟ್ಟ ಕಥೆಯಲ್ಲಿ ಯಾವ ಸಾಧ್ಯತೆಗೂ ಬೆಲೆಯಿರುವುದಿಲ್ಲ. ಸ್ಟಾರ್ಕನಾಗಿ ನಟಿಸಿದ ರಾಬರ್ಟ್ ಡೌನಿ ಕಿರಿಯನನ್ನು ಬೇರೊಂದು ಪಾತ್ರವಾದ ಡಾಕ್ಟರ್ ಡೂಮನಾಗಿ ಕರೆತರುವೆವೆಂದು ಮಾರ್ವೆಲ್ 2024ರಲ್ಲಿ ಸಾರಿದಾಗ ಸಭೆಯು ಹರ್ಷೋದ್ಗಾರ ಮಾಡಿತು. ಪಾತ್ರವನ್ನು ಹೂಳಿದವರು ಮುಖವನ್ನು ಹೂಳಲಾರದೆ ಹೋದರು.

ಈ ದೃಷ್ಟಿಯಿಂದ ಅತ್ಯಂತ ಬೋಧಪ್ರದವಾದುದು 'ಲೋಗನ್' (2017) ಚಿತ್ರದ ಭಾಗ್ಯ. ಜೇಮ್ಸ್ ಮ್ಯಾಂಗೋಲ್ಡ್ ನಿರ್ದೇಶಿಸಿದ ಈ ಕೃತಿಯಲ್ಲಿ ಹ್ಯೂ ಜ್ಯಾಕ್‌ಮನ್ ಹದಿನೇಳು ವರ್ಷಗಳಿಂದ ಧರಿಸಿಕೊಂಡು ಬಂದಿದ್ದ ವುಲ್ವರೀನ್ ಪಾತ್ರಕ್ಕೆ ಮುಪ್ಪು ಬಂದಿದೆ. ಅವನ ಗಾಯಗಳು ಮೊದಲಿನಂತೆ ಮಾಯುವುದಿಲ್ಲ. ಬಾಡಿಗೆ ಕಾರು ಓಡಿಸಿ ಮದ್ದಿಗೆ ಹಣ ಕೂಡಿಸುತ್ತಾನೆ. ಮದ್ದು ಗುರು ಚಾರ್ಲ್ಸ್ ಝೇವಿಯರನಿಗೆ: ಜಗತ್ತಿನ ಅತ್ಯಂತ ಬಲಿಷ್ಠ ಮನಸ್ಸಿನವನಿಗೆ ಮುಪ್ಪಿನಲ್ಲಿ ಮಿದುಳಿನ ರೋಗ ತಗಲಿ, ಅವನಿಗೆ ಸೆಳವು ಬಂದಾಗ ಸುತ್ತಲಿನವರೆಲ್ಲ ನಿಶ್ಚೇಷ್ಟಿತರಾಗುತ್ತಾರೆ. ಅತಿಮಾನುಷ ಶಕ್ತಿಯು ವೃದ್ಧಾಪ್ಯವನ್ನು ಕೂಡಿದಾಗ ಏನಾದೀತೆಂದು ಈ ಪ್ರಕಾರದಲ್ಲಿ ಇಷ್ಟು ಪ್ರಾಮಾಣಿಕವಾಗಿ ಯೋಚಿಸಿದ ಚಿತ್ರ ಇನ್ನೊಂದಿಲ್ಲ. ತಂದೆಯನ್ನು ಎತ್ತಿ ಮಲಗಿಸಿ, ಬೈಯುತ್ತಲೇ ಮಾತ್ರೆ ನುಂಗಿಸುವ ಮಗನ ದೃಶ್ಯವನ್ನು ಯಾವ ಮನೆಯವರಾದರೂ ಗುರುತಿಸಿಯಾರು. ದಾರಿಯಲ್ಲಿ ಅವರಿಗೆ ಒಂದು ರಾತ್ರಿ ಆಶ್ರಯವಿತ್ತ ರೈತ ಕುಟುಂಬವು ಆ ಉಪಕಾರಕ್ಕಾಗಿಯೇ ನಾಶವಾಗುತ್ತದೆ. ವೀರರು ಹಾದುಹೋದ ಹಾದಿಯಲ್ಲಿ ಸಾಮಾನ್ಯರಿಗೆ ಏನು ಗತಿಯೆಂಬುದನ್ನು ಈ ಚಿತ್ರವು ಎಣಿಸಿ ತೋರಿಸುತ್ತದೆ. ಗುರುವೂ ಸಾಯುತ್ತಾನೆ, ಕೊನೆಗೆ ಲೋಗನನೂ. ಮಗಳಂತಿರುವ ಹುಡುಗಿ ಲಾರಾ, ಗೋರಿಯ ಮೇಲೆ ನೆಟ್ಟ ಕಟ್ಟಿಗೆಯ ಶಿಲುಬೆಯನ್ನು ಓರೆಯಾಗಿ ತಿರುಗಿಸಿ ಅವರ ಬಳಗದ ಚಿಹ್ನೆಯನ್ನಾಗಿ ಮಾಡಿ ಹೊರಟುಹೋಗುತ್ತಾಳೆ. ಸೂಪರ್‌ಹೀರೋ ಚಿತ್ರವೊಂದರ ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನ ದೊರೆತುದು ಅಪರೂಪದ ಸಂಗತಿ. ಅದು ಈ ಚಿತ್ರಕ್ಕೆ ದೊರೆಯಿತು.

ಏಳು ವರ್ಷಗಳ ಬಳಿಕ, 2024ರಲ್ಲಿ, 'ಡೆಡ್‌ಪೂಲ್ ಆ್ಯಂಡ್ ವುಲ್ವರೀನ್' ಬಂದಿತು. ಅದರ ಮೊದಲ ದೃಶ್ಯವೇ ಆ ಗೋರಿ. ಡೆಡ್‌ಪೂಲನು ಅದನ್ನು ಅಗೆದು, ಒಳಗಿದ್ದ ಲೋಹದ ಎಲುಬುಗಳನ್ನು ಹೊರತೆಗೆದು, ಅವುಗಳನ್ನೇ ಆಯುಧಮಾಡಿಕೊಂಡು ಸಂಗೀತದ ತಾಳಕ್ಕೆ ಕುಣಿಯುತ್ತ ಶತ್ರುಗಳನ್ನು ಕೊಲ್ಲುತ್ತಾನೆ. ಸತ್ತವನ ಸ್ಮರಣೆಗೆ ಅಪಚಾರವಾಗದಂತೆ ಇದನ್ನು ಹೇಗೆ ಮಾಡುವಿರೆಂದು ಪ್ರೇಕ್ಷಕರು ಕೇಳುವುದಕ್ಕೆ ಮುಂಚೆ ತಾನೇ ಆ ಪ್ರಶ್ನೆಯನ್ನೆತ್ತಿ, ಅಪಚಾರವಾಗದೆ ಇರದೆಂದು ನಗುತ್ತಾನೆ. ಬೇರೊಂದು ವಿಶ್ವದ ವುಲ್ವರೀನನಾಗಿ ಜ್ಯಾಕ್‌ಮನ್ ಮರಳುತ್ತಾನೆ. ಚಿತ್ರವು 130 ಕೋಟಿ ಡಾಲರುಗಳಿಗೂ ಮಿಕ್ಕಿ ಗಳಿಸಿತು. ಈ ಹಾಸ್ಯದಲ್ಲಿ ಬುದ್ಧಿಯಿದೆಯೆಂಬುದನ್ನು ಒಪ್ಪಬೇಕು. ತನ್ನ ತಪ್ಪನ್ನು ತಾನೇ ಆಡಿ ತೋರಿಸುವ ವಿದೂಷಕನ ಬುದ್ಧಿ ಅದು. ಆದರೆ ತಪ್ಪನ್ನು ಮೊದಲೇ ಹೇಳಿಕೊಂಡರೆ ತಪ್ಪು ತಪ್ಪಲ್ಲವೆಂಬ ನ್ಯಾಯವನ್ನು ವಿಮರ್ಶೆಯು ಒಪ್ಪಲಾಗದು. 'ಲೋಗನ್' ಗಳಿಸಿಕೊಟ್ಟ ಗೌರವವೇ ಈ ಚಿತ್ರಕ್ಕೆ ಬಂಡವಾಳವಾಯಿತು. ಗೋರಿಗೆ ಬೆಲೆಯಿಲ್ಲದಿದ್ದರೆ ಅದನ್ನು ಅಗೆಯುವವರು ಯಾರು?

ಇಲ್ಲಿ ಒಂದು ಸಮಾಧಾನವನ್ನು ಸಾಮಾನ್ಯವಾಗಿ ಮುಂದಿಡುತ್ತಾರೆ. ಈ ಕಥೆಗಾರರು ಸ್ವತಂತ್ರರಲ್ಲ. ಪಾತ್ರಗಳು ಒಡೆಯರವು, ಹಣ ಒಡೆಯರದು, ಬರೆಯುವವನು ಆಳು. ಅವನಿಂದ ಸಾಹಸವನ್ನು ಬಯಸುವುದು ಅನ್ಯಾಯ ಎಂದು. ಕನ್ನಡ ಕಾವ್ಯವನ್ನು ಬಲ್ಲವರು ಈ ವಾದಕ್ಕೆ ಸುಲಭವಾಗಿ ತಲೆದೂಗಲಾರರು. ನಮ್ಮ ಆದಿಕವಿಯೇ ಆಶ್ರಿತ ಕವಿ. ಇಂದು ತೆಲಂಗಾಣದಲ್ಲಿರುವ ವೇಮುಲವಾಡದ ಅರಿಕೇಸರಿಗೆ ಪಂಪನು 941ರ ಸುಮಾರಿಗೆ ಬರೆದುಕೊಟ್ಟ 'ವಿಕ್ರಮಾರ್ಜುನ ವಿಜಯ'ದಲ್ಲಿ ಅರ್ಜುನನೂ ಅರಸನೂ ಒಬ್ಬನೇ. ಆ ಕಟ್ಟಿಗೆ ಕವಿ ಬೆಲೆ ತೆತ್ತಿದ್ದಾನೆ: ಅರಸನ ಗೌರವಕ್ಕಾಗಿ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಬೇಕಾಗಿ ಬಂದು, ಕಥೆಯ ಕೆಲವು ಕೀಲುಗಳು ಸಡಿಲಗೊಂಡುದನ್ನು ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಆದರೂ ಅದೇ ಕಾವ್ಯದಲ್ಲಿ ಅರ್ಜುನನ ಕೈಯಿಂದ ಸಾಯಬೇಕಾದ ಕರ್ಣನಿಗೆ ಕವಿಯು ತನ್ನ ಹೃದಯವನ್ನೇ ಧಾರೆಯೆರೆದನು. ಅರಸನ ಆಸ್ಥಾನದಲ್ಲಿ, ಅರಸನ ಎದುರಾಳಿಯ ಪರವಾಗಿ! ರನ್ನನೂ ಹಾಗೆಯೇ. ಸತ್ಯಾಶ್ರಯನನ್ನು ಭೀಮನಲ್ಲಿ ಕಂಡು ಬರೆದ 'ಸಾಹಸಭೀಮವಿಜಯ'ದಲ್ಲಿ ಓದುಗರ ಮನಸ್ಸಿನಲ್ಲಿ ನಿಲ್ಲುವುದು ಹೆಣಗಳ ನಡುವೆ ನಡೆದು ಹೋಗುತ್ತ ತನ್ನವರಿಗಾಗಿ ಮರುಗುವ, ಶತ್ರುವಿನ ಮಗ ಅಭಿಮನ್ಯುವಿನ ವೀರಮರಣಕ್ಕೂ ಮಣಿಯುವ ದುರ್ಯೋಧನ. ಗೆಲುವು ಒಡೆಯನಿಗೆ ಸೇರಿದುದು. ಅದನ್ನು ಕವಿ ಬದಲಿಸುವಂತಿಲ್ಲ. ಆದರೆ ಸೋಲುವವನ ಎತ್ತರವು ಕವಿಯ ಅಧೀನ.

ಸೂಪರ್‌ಹೀರೋ ಚಿತ್ರಗಳಲ್ಲಿ ಉತ್ತಮವಾದವುಗಳು ಈ ದಾರಿಯನ್ನು ತಮ್ಮಷ್ಟಕ್ಕೆ ಕಂಡುಕೊಂಡಿವೆ. ರಯಾನ್ ಕೂಗ್ಲರನ 'ಬ್ಲ್ಯಾಕ್ ಪ್ಯಾಂಥರ್' (2018) ಚಿತ್ರದಲ್ಲಿ ಸಿಂಹಾಸನವನ್ನು ಕಸಿಯಲು ಬರುವ ಕಿಲ್‌ಮಾಂಗರ್ ಅಮೆರಿಕದ ಓಕ್‌ಲೆಂಡಿನಲ್ಲಿ ಬೆಳೆದ ಅನಾಥ. ಅವನ ತಂದೆಯನ್ನು ಕೊಂದವನು ನಾಯಕನ ತಂದೆಯೇ. ಜಗತ್ತಿನ ಕರಿಯ ಜನರು ದಾಸ್ಯದಲ್ಲಿ ನರಳುತ್ತಿದ್ದಾಗ ಸಂಪನ್ನವಾದ ವಕಾಂಡವು ಬಾಗಿಲು ಹಾಕಿಕೊಂಡು ಕುಳಿತುದೇಕೆಂದು ಅವನು ಕೇಳುವ ಪ್ರಶ್ನೆಗೆ ನಾಯಕನ ಬಳಿ ಉತ್ತರವಿಲ್ಲ. ಖಳನು ಸಾಯುತ್ತಾನೆ, ಪ್ರಶ್ನೆ ಗೆಲ್ಲುತ್ತದೆ: ವಕಾಂಡವು ಬಾಗಿಲು ತೆರೆಯುತ್ತದೆ. ಗಣಿಯೊಳಗಿನ ಕೊನೆಯ ಕಾಳಗವು ಗಣಕಯಂತ್ರದ ಬೊಂಬೆಯಾಟದಂತೆ ಕಳೆಗೆಟ್ಟಿರುವುದು ನಿಜ. ಆ ಕಾಳಗ ಮುಗಿದ ಮೇಲೆ, ಬದುಕಿ ಸೆರೆಯಲ್ಲಿರುವುದನ್ನು ಒಲ್ಲೆನೆಂದು ಸೂರ್ಯಾಸ್ತವನ್ನು ನೋಡುತ್ತ ಸಾಯುವ ಕಿಲ್‌ಮಾಂಗರನಲ್ಲಿ ಮಾತ್ರ ಚಿತ್ರವು ಮತ್ತೆ ಉಸಿರಾಡುತ್ತದೆ.

ಈ ಕಥೆಗೆ ವಿಧಿಯು ಬೇರೊಂದು ಅಧ್ಯಾಯ ಬರೆಯಿತು. ನಾಯಕ ಪಾತ್ರದ ಚ್ಯಾಡ್ವಿಕ್ ಬೋಸ್‌ಮನ್ 2020ರ ಆಗಸ್ಟಿನಲ್ಲಿ ತೀರಿಕೊಂಡನು. ಪಾತ್ರವನ್ನು ಇನ್ನೊಬ್ಬ ನಟನಿಗೆ ಕೊಡದೆ, 2022ರ 'ವಕಾಂಡ ಫಾರೆವರ್' ಚಿತ್ರವು ಅಣ್ಣನನ್ನು ಉಳಿಸಲು ಪ್ರಯೋಗಶಾಲೆಯಲ್ಲಿ ಹೆಣಗುವ ತಂಗಿ ಶುರಿಯ ಸೋಲಿನಿಂದ ಆರಂಭವಾಗುತ್ತದೆ. ಯಾವ ವಿದ್ಯೆಯೂ ಯಾವ ವಿಶ್ವವೂ ನೆರವಿಗೆ ಬರುವುದಿಲ್ಲ. ಚಿತ್ರವಾಗಿ ಅದು ಭಾರವಾದುದು, ಉಪಕಥೆಗಳಿಂದ ಊದಿಕೊಂಡುದು. ಆದರೆ ಸಾವು ಸಾವಾಗಿಯೇ ಉಳಿದುದರಿಂದ ಅದರ ಮೊದಲ ಹತ್ತು ನಿಮಿಷಗಳಿಗೆ ಇರುವ ಸತ್ಯ ಈ ಮಾಲೆಯಲ್ಲಿ ಬೇರೆಲ್ಲಿಯೂ ದುರ್ಲಭ. ಅಲ್ಲಿಯೂ ಕೊನೆಗೆ ಸತ್ತ ಅರಸನ ಹೆಸರನ್ನೇ ಹೊತ್ತ ಮಗನೊಬ್ಬನನ್ನು ತಂದು ತೋರಿಸಿ, ವ್ಯಾಪಾರವು ತನ್ನ ಬೀಜವನ್ನು ಬಿತ್ತಿಯೇ ಹೋಯಿತು.

ನೆರೆಯ ಮಲಯಾಳದಲ್ಲಿ 2021ರ ಡಿಸೆಂಬರಿನಲ್ಲಿ ಬಂದ ಬೇಸಿಲ್ ಜೋಸೆಫನ 'ಮಿನ್ನಲ್ ಮುರಳಿ' ಚಿತ್ರವು ಇವೆಲ್ಲವುಗಳ ಹಣದ ಒಂದಂಶವೂ ಇಲ್ಲದೆ ಇವುಗಳ ಸಾಲಿನಲ್ಲಿ ನಿಲ್ಲಬಲ್ಲುದು. ಕನ್ನಡದ ಧ್ವನಿಯಲ್ಲಿಯೂ ಅದು ದೊರೆಯಿತು. ಕುರುಕ್ಕನ್‌ಮೂಲ ಎಂಬ ಕಲ್ಪಿತ ಹಳ್ಳಿಯಲ್ಲಿ ಒಂದೇ ರಾತ್ರಿ ಇಬ್ಬರಿಗೆ ಸಿಡಿಲು ಹೊಡೆಯುತ್ತದೆ. ಒಬ್ಬ, ಅಮೆರಿಕಕ್ಕೆ ಹೋಗುವ ಕನಸು ಕಾಣುತ್ತಿರುವ ದರ್ಜಿ ಜೈಸನ್. ಇನ್ನೊಬ್ಬ, ಚಹದಂಗಡಿಯಲ್ಲಿ ದುಡಿಯುವ ಶಿಬು. ಊರವರು ಅವನನ್ನು ಅರೆಮರುಳನೆಂದು ಆಡಿಕೊಳ್ಳುತ್ತಾರೆ. ಶಕ್ತಿ ಒಂದೇ, ಒಬ್ಬನಿಗೆ ಊರು ಮನ್ನಣೆ ಕೊಟ್ಟಿತು, ಒಬ್ಬನಿಗೆ ಕೊಡಲಿಲ್ಲ. ಗುರು ಸೋಮಸುಂದರಂ ನಟಿಸಿದ ಶಿಬು ದಶಕಗಳ ಕಾಲ ಮೌನವಾಗಿ ಪ್ರೀತಿಸಿದ ಉಷಾಳಿಗಾಗಿಯೇ ಮೊದಲ ಅಪರಾಧಗಳಿಗಿಳಿಯುತ್ತಾನೆ. ಅವಳು ಅವನನ್ನು ಒಪ್ಪುವ ಗಳಿಗೆಯಲ್ಲಿ ಆ ನಟನ ಮುಖದಲ್ಲಿ ಅಳುವೂ ನಗುವೂ ಒಡನೆ ಮೂಡುವುದನ್ನು ಕಂಡವರು ಅವನನ್ನು ಖಳನೆಂದು ಕರೆಯಲು ಹಿಂಜರಿದಾರು. ಬಳಿಕ ಅವಳು ಅವನಿಗೆ ಇಲ್ಲವಾಗುತ್ತಾಳೆ. ಅವಳನ್ನು ಮರಳಿಸುವ ಯಾವ ಯಂತ್ರವೂ ಕುರುಕ್ಕನ್‌ಮೂಲದಲ್ಲಿಲ್ಲ. ನಾಯಕನಾದ ಜೈಸನ್ ಇವನ ಮುಂದೆ ಹಗುರವಾಗಿ ಕಾಣುತ್ತಾನೆಂಬ ಆಕ್ಷೇಪ ಸರಿಯಾದುದೇ. ಅರ್ಜುನನ ಕಾವ್ಯದಲ್ಲಿ ಕರ್ಣನು ಮೇಲೆದ್ದರೆ ಆಗುವ ತೊಂದರೆಯೇ ಇದೂ. ಪಡೆಯಲು ಯೋಗ್ಯವಾದ ತೊಂದರೆ.

ಬಹುವಿಶ್ವದ ಕಲ್ಪನೆಯನ್ನು ಮೇಲೆ ಆಕ್ಷೇಪಿಸಿದುದರಿಂದ, ಅದನ್ನೇ ತಿರುಗಿಸಿ ಬಳಸಿದ ಕೃತಿಗಳನ್ನು ಹೇಳದಿದ್ದರೆ ವಿಚಾರ ಅಪೂರ್ಣವಾದೀತು. 2018ರ 'ಸ್ಪೈಡರ್-ಮ್ಯಾನ್: ಇಂಟು ದಿ ಸ್ಪೈಡರ್-ವರ್ಸ್' ಬರೆದ ಚಿತ್ರಗಳಿಂದ ಜೀವ ತಳೆದುದು, ಮುದ್ರಿತ ಚಿತ್ರಪುಸ್ತಕದ ಬಣ್ಣದ ಚುಕ್ಕೆಗಳನ್ನೂ ಅಕ್ಷರಗಳನ್ನೂ ತೆರೆಗೆ ತಂದುದು. ಅದರ ರೂಪದ ಸಾಹಸವು ಅರ್ಥವನ್ನು ಬಿಟ್ಟುದಲ್ಲ. ಕಾಡಿನ ದೃಶ್ಯದಲ್ಲಿ ಎಳೆಯ ಮೈಲ್ಸ್ ಮೊರಾಲೆಸನ ಚಲನೆಯನ್ನು ಎರಡು ಚೌಕಟ್ಟುಗಳಿಗೊಂದು ಚಿತ್ರದಂತೆಯೂ ನುರಿತ ಪೀಟರನ ಚಲನೆಯನ್ನು ಒಂದೊಂದಕ್ಕೊಂದರಂತೆಯೂ ರಚಿಸಿದ್ದಾರೆ. ಹುಡುಗನು ತಡವರಿಸುತ್ತಿರುವುದು ಯಾರೂ ಹೇಳದೆಯೇ ಕಣ್ಣಿಗೆ ತಿಳಿಯುತ್ತದೆ.

2023ರ 'ಅಕ್ರಾಸ್ ದಿ ಸ್ಪೈಡರ್-ವರ್ಸ್' ಇನ್ನೂ ಮುಂದೆ ಹೋಗಿ ಈ ಪ್ರಕಾರದ ಮೂಲ ಕಟ್ಟಳೆಯನ್ನೇ ಕಥಾವಸ್ತುವನ್ನಾಗಿ ಮಾಡಿಕೊಂಡಿತು. ಎಲ್ಲ ವಿಶ್ವಗಳ ಸ್ಪೈಡರ್-ಮ್ಯಾನರಿಗೂ ಕೆಲವು ಸಂಗತಿಗಳು ನಡೆಯಲೇಬೇಕು. ಆಪ್ತನಾದ ಪೊಲೀಸ್ ಅಧಿಕಾರಿಯೊಬ್ಬನು ಸಾಯಲೇಬೇಕು. ತಡೆದರೆ ವಿಶ್ವವೇ ಕುಸಿಯುತ್ತದೆ ಎಂದು ಮಿಗೆಲ್ ಓಹಾರ ವಿಧಿಸುತ್ತಾನೆ. ವಿಧಿಯೆಂದು ಅವನು ಕರೆಯುವುದು ಎಲ್ಲ ಸಂಚಿಕೆಗಳಲ್ಲಿಯೂ ಮಾರಾಟವಾದ ಹಳೆಯ ಕಥಾಸೂತ್ರವನ್ನು ಎಂಬುದು ಪ್ರೇಕ್ಷಕನಿಗೆ ಮೆಲ್ಲಗೆ ಹೊಳೆಯುತ್ತದೆ. ಆ ಸೂತ್ರಕ್ಕೆ ಮೊದಲ ಬಿರುಕು ಬೀಳುವುದು ಮುಂಬಯಿಯನ್ನೂ ಮ್ಯಾನ್‌ಹ್ಯಾಟನ್ನನ್ನೂ ಬೆರೆಸಿ ಕಟ್ಟಿದ 'ಮುಂಬಟ್ಟನ್' ನಗರದಲ್ಲಿ: ಪವಿತ್ರ್ ಪ್ರಭಾಕರನ ಗೆಳತಿಯ ತಂದೆಯಾದ ಇನ್‌ಸ್ಪೆಕ್ಟರನನ್ನು ಮೈಲ್ಸ್ ಸಾಯಗೊಡುವುದಿಲ್ಲ. ಚಹಕ್ಕೆ 'ಚಾಯ್ ಟೀ' ಎಂದ ಮೈಲ್ಸನನ್ನು ಅದೇ ಪವಿತ್ರ್ ಗದರಿಸುವುದು ಮುಂಬಯಿಯಲ್ಲಿ ಬಾಳಿದವರಿಗೆ ಬೇರೆಯೇ ನಗೆಯನ್ನು ತಂದೀತು. ಗ್ವೆನ್‌ಳ ತಂದೆಯು ಬೇರೊಂದು ಬಗೆಯಲ್ಲಿ ಸೂತ್ರವನ್ನು ತಪ್ಪಿಸಿಕೊಳ್ಳುತ್ತಾನೆ. ಅವನು ಸುಮ್ಮನೆ ಹುದ್ದೆಗೆ ರಾಜೀನಾಮೆ ಕೊಡುತ್ತಾನೆ.

ಇಲ್ಲಿ ಸಾವನ್ನು ತಡೆಯಹೊರಟ ಮೈಲ್ಸನಿಗೂ 1978ರ ಸೂಪರ್‌ಮ್ಯಾನನಿಗೂ ಭೇದವೇನೆಂದು ಕೇಳಬಹುದು. ಸೂಪರ್‌ಮ್ಯಾನ್ ನಡೆದುದನ್ನು ಅಳಿಸಿದನು, ಬೆಲೆ ತೆರಲಿಲ್ಲ. ಮೈಲ್ಸನು ಇನ್ನೂ ನಡೆಯದುದನ್ನು ತಡೆಯಲು ಹೊರಟಿದ್ದಾನೆ. ಅದಕ್ಕಾಗಿ ಗೆಳೆಯರನ್ನೆಲ್ಲ ಎದುರುಹಾಕಿಕೊಂಡಿದ್ದಾನೆ. ತನ್ನ ತಂದೆಯನ್ನು ಉಳಿಸಲು ಧಾವಿಸಿ ಬಂದವನು ತಪ್ಪಿ ಬೇರೊಂದು ವಿಶ್ವದ ಮನೆಗೆ ಬಂದು ಬೀಳುತ್ತಾನೆ. ಆ ಮನೆಯಲ್ಲಿ ತಂದೆ ಆಗಲೇ ಸತ್ತಿದ್ದಾನೆ; ಸ್ಪೈಡರ್-ಮ್ಯಾನ್ ಹುಟ್ಟಲೇ ಇಲ್ಲ; ಅಲ್ಲಿನ ಮೈಲ್ಸ್ ಕಳ್ಳನಾಗಿದ್ದಾನೆ. ಕಟ್ಟಿಹಾಕಲ್ಪಟ್ಟ ಹುಡುಗನ ಎದುರಿಗೆ ಅವನದೇ ಮುಖದ ಇನ್ನೊಬ್ಬನು ಮುಸುಕು ತೆಗೆದು ನಿಲ್ಲುತ್ತಾನೆ. ಅತ್ತ ತಂದೆಯ ಗಳಿಗೆ ಸಮೀಪಿಸುತ್ತಿರುವಾಗಲೇ ಚಿತ್ರವು ನಿಂತುಬಿಡುತ್ತದೆ.